ಮೌಂಟ್ ಎಜ್‌ಕಂಬ್‌ನಲ್ಲಿ ಲರ್ಚರ್ ನಾಯೀನ ಚೈನ್ ಬಿಚ್ಚಿ ಬಿಡ್ಬೋದಾ?

ಪ್ರಶ್ನೆ: ನಾವಿರೋದು ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ. ಮನೇಲಿ ನಾಲ್ಕು ವರ್ಷದ ಹೆಣ್ಣು ಲರ್ಚರ್ (ಓಟದ ನಾಯಿ ಮಿಕ್ಸ್) ಇದೆ, ರೆಸ್ಕ್ಯೂ ಇಂದ, ಅಂದ್ರೆ ಅನಾಥ ನಾಯಿಗಳ ಆಶ್ರಯದಿಂದ ತಂದಿದ್ದು, ಬಂದು ಎಂಟು ತಿಂಗಳಾಯ್ತು. ಜೂನ್ ಮೊದಲ ವಾರ ಬಾಗಲಕೋಟೆಯಿಂದ ಅಪ್ಪ ಅಮ್ಮ ಬರ್ತಿದಾರೆ, ಅವರನ್ನೂ ನಾಯೀನೂ ಕರ್ಕೊಂಡು ಕಾರ್ನ್‌ವಾಲ್‌ನ ಮೌಂಟ್ ಎಜ್‌ಕಂಬ್ ಪಾರ್ಕಿಗೆ ಒಂದಿನ ಹೋಗೋಣ ಅಂತ ಪ್ಲಾನ್. ಎಲ್ರೂ ಡಾಗ್ ಫ್ರೆಂಡ್ಲಿ ಅಂತಾರೆ, ಆದ್ರೆ ಅಲ್ಲಿ ಜಿಂಕೆ ಇದಾವೆ ಅಂತಲೂ ಕೇಳಿದೀವಿ. ನಾಯೀನ ಬಿಡ್ಬೋದಾ? ಅಪ್ಪಂಗೆ ಮೊಣಕಾಲು ನೋವು, ಅವರು ಎಷ್ಟು ದೂರ ನಡೀಬಹುದು? ಅಲ್ಲಿಗೆ ದಾಟಿಸೋ ಫೆರಿಯಲ್ಲಿ ನಾಯೀನ ಹತ್ತಿಸ್ಕೊಳ್ತಾರಾ?

ಉತ್ತರ: ಮೊದ್ಲು ಉತ್ತರ ಹೇಳಿಬಿಡ್ತೀನಿ, ಕಾರಣ ಆಮೇಲೆ. ಖಂಡಿತ ಹೋಗಿ, ವಯಸ್ಸಾದ ಅಪ್ಪ ಅಮ್ಮ, ನಾಯಿ, ಊಟದ ಡಬ್ಬಿ ಎಲ್ಲಾ ಒಟ್ಟಿಗೆ ಹೊತ್ಕೊಂಡು ಹೋಗೋಕೆ ಈ ಕಡೆ ಅದಕ್ಕಿಂತ ಚೆನ್ನಾಗಿರೋ ಜಾಗ ನಂಗಂತೂ ಗೊತ್ತಿಲ್ಲ. ಆದ್ರೆ ಆ ನಾಯೀನ ಅಲ್ಲಿ ಬಿಡಬೇಡಿ. ಗೇಟ್ ಒಳಗೆ ಕಾಲಿಟ್ಟಾಗಿಂದ ವಾಪಸ್ ದೋಣಿ ಹತ್ತೋವರೆಗೂ ಚೈನು ನಿಮ್ಮ ಕೈಲೇ ಇರ್ಲಿ. ನಿಮ್ದು ಲ್ಯಾಬ್ರಡಾರ್ ಆಗಿದ್ದು, ಕರೆದ ತಕ್ಷಣ ಬರೋ ಅಭ್ಯಾಸ ಇದ್ದು, ತಿಂಗಳು ಜನವರಿ ಆಗಿದ್ರೆ ನಾನು ಬೇರೆ ಥರ ಬರೀತಿದ್ದೆ. ಲರ್ಚರ್, ಜೂನ್, ಬಂದು ಎಂಟೇ ತಿಂಗಳು, ಈ ಮೂರೂ ಸೇರಿದ್ರೆ ಯೋಚನೆ ಮಾಡೋದೇ ಬೇಡ.

ನಾನು ಆ ಪಾರ್ಕಿನ ಎದುರು ದಡದ ಊರು ಪ್ಲಿಮತ್ ಕಡೆ ನಾಯಿಗಳಿಗೆ ಟ್ರೇನಿಂಗ್ ಕೊಡ್ತೀನಿ, ಹುಟ್ಟೂರು ತೀರ್ಥಹಳ್ಳಿ ಹತ್ರ. ಕ್ಲಾಸಿಗೆ ಬರೋರು ವಾರಕ್ಕೊಬ್ರಾದ್ರೂ ಈ ಪ್ರಶ್ನೆ ಕೇಳ್ತಾರೆ, ಡಾಗ್ ಫ್ರೆಂಡ್ಲಿ ಅಂತ ಬೋರ್ಡ್ ಇದೆಯಲ್ಲ, ಮತ್ಯಾಕೆ ಬಿಡಬಾರ್ದು ಅಂತ. ಆ ಬೋರ್ಡು ನಾಯಿ ಒಳಗೆ ಬರ್ಬೋದು ಅಂತ ಅಷ್ಟೇ ಹೇಳುತ್ತೆ. ಮದುವೆ ಮನೆಗೆ ಮಕ್ಕಳ ಸಮೇತ ಬನ್ನಿ ಅಂತ ಕರೀತಾರೆ, ಹಾಗಂತ ಅಡುಗೆ ಭಟ್ರ ಒಲೆ ಹತ್ರ ಮಕ್ಕಳನ್ನ ಆಡೋಕೆ ಬಿಡ್ತೀವಾ? ಅಲ್ಲಿ ಹೂತೋಟದ ಭಾಗದಲ್ಲಿ ನಾಯಿ ಕಟ್ಟಿಯೇ ಇರ್ಬೇಕು, ಉಳಿದ ಕಡೆ ನಿಮ್ಮ ಹತೋಟಿಯಲ್ಲಿ ಇರ್ಬೇಕು. ಹತೋಟಿ ಅಂದ್ರೆ ಏನು ಅನ್ನೋದ್ರಲ್ಲೇ ಎಲ್ಲಾ ಗಲಾಟೆ ಇರೋದು.

ಬಾಗಲಕೋಟೆಯವ್ರಾದ್ರೆ ನಿಮ್ಮಪ್ಪಂಗೆ ಇದನ್ನ ವಿವರಿಸೋ ಕಷ್ಟ ನಿಮಗಿಲ್ಲ. ಮುಧೋಳ ನಾಯಿ ನೋಡಿದವರಿಗೆ ಲರ್ಚರ್ ಅಂದ್ರೆ ಏನು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ, ಅದೇ ಬಳುಕೋ ಬೆನ್ನು, ಅದೇ ಒಳಗೆ ಸೇದ್ಕೊಂಡ ಹೊಟ್ಟೆ, ಅದೇ ಉದ್ದ ಮೂತಿ. ಲರ್ಚರ್ ಅನ್ನೋದು ಒಂದು ತಳಿ ಅಲ್ಲ, ಗ್ರೇಹೌಂಡ್ ಅಥವಾ ವಿಪ್ಪೆಟ್ ಥರದ ಓಟದ ನಾಯೀನ ಕುರಿ ಕಾಯೋ ಕಾಲಿ ಅಥವಾ ಟೆರಿಯರ್ ಥರದ ಕೆಲಸದ ನಾಯಿ ಜೊತೆ ಬೆರೆಸಿದ್ದು. ಹಿಂದೆ ಇಲ್ಲಿ ಕದ್ದು ಮೊಲ ಹಿಡಿಯೋರ ನಾಯಿ ಅಂತಲೇ ಹೆಸರು. ಗ್ರೇಹೌಂಡಿನ ಕಾಲು, ಕಾಲಿಯ ತಲೆ, ಎರಡೂ ಒಂದೇ ಮೈಯಲ್ಲಿ. ಮುಧೋಳದ್ದು ಸ್ವಂತ ತಳಿ, 2005ರಲ್ಲಿ ಅಂಚೆ ಇಲಾಖೆ ಅದರ ಮೇಲೆ ಸ್ಟಾಂಪ್ ಕೂಡ ತಂದಿತ್ತು, ಆದ್ರೆ ಒಳಗಿನ ಬುದ್ಧಿ ಎರಡಕ್ಕೂ ಒಂದೇ, ಬೇಟೆ ಕಣ್ಣಿಂದ ಶುರುವಾಗುತ್ತೆ. ವಾಸನೆ ಹಿಡಿದು ಹೋಗೋ ನಾಯಿ ನೆಲ ಮೂಸಿ, ಗೊಂದಲಪಟ್ಟು, ಸುತ್ತು ಹೊಡೆದು ಆಮೇಲೆ ಓಡುತ್ತೆ, ಕೂಗೋಕೆ ನಮಗೆ ಟೈಮ್ ಸಿಗುತ್ತೆ. ಕಣ್ಣಿನ ನಾಯಿಗೆ ದೂರದಲ್ಲಿ ಏನೋ ಅಲುಗಿತು ಅಂದ್ರೆ ಸಾಕು, ಹೊರಟೇಬಿಡ್ತು.

ಆ ಹೊರಡೋದಕ್ಕೆ ಮುಂಚೆ ಒಂದು ಎರಡು ಸೆಕೆಂಡು ಇರುತ್ತೆ, ಅದನ್ನ ನೋಡೋದು ಕಲೀರಿ. ನಡೀತಾ ಇದ್ದ ನಾಯಿ ಒಮ್ಮೆಲೇ ನಿಲ್ಲುತ್ತೆ. ಮುಂದಿನ ಒಂದು ಕಾಲು ಎತ್ತಿದ್ದು ಎತ್ತಿದ ಹಾಗೇ ಇರುತ್ತೆ, ಬಾಲ ಅಲ್ಲಾಡೋದು ನಿಲ್ಲುತ್ತೆ, ಕಿವಿ ಬುಡದಿಂದ ಮೇಲೆ ಬರುತ್ತೆ, ತೆರೆದಿದ್ದ ಬಾಯಿ ಮುಚ್ಚಿಕೊಳ್ಳುತ್ತೆ. ಬಾಯಿ ಮುಚ್ಚಿತು ಅಂದ್ರೆ ತಿಳ್ಕೊಳ್ಳಿ ಏನೋ ಕಂಡಿದೆ ಅಂತ. ಅಷ್ಟರಲ್ಲಿ ನೀವು ಹೆಸರು ಕರೆದು, ಅದು ತಿರುಗಿ ನೋಡಿ, ಕೈಯಲ್ಲಿರೋ ಚಿಕನ್ ತುಂಡು ಬಾಯಿಗೆ ಹೋದ್ರೆ ಬಚಾವು. ಅದು ದಾಟಿದ್ಮೇಲೆ ನೀವು ಕೂಗೋದು ಅದರ ಕಿವಿಗೆ ಬೀಳಲ್ಲ. ಹಠ ಅಂತ ಬೈಕೋಬೇಡಿ, ಆ ಹೊತ್ತಲ್ಲಿ ಅದಕ್ಕೆ ಜಿಂಕೆ ಬಿಟ್ರೆ ಬೇರೆ ಏನೂ ಇರಲ್ಲ.

ಇದನ್ನ ನಾನು ಕ್ಲಾಸಲ್ಲಿ ಹೇಳ್ಕೊಡೋದು ಸರಿ, ಕಲಿತಿದ್ದು ಮಾತ್ರ ಒದೆ ತಿಂದು. ನನ್ನ ಹಳೇ ನಾಯಿ ಕೆಂಚ ಇದ್ದಾಗ, ಅವನೂ ಲರ್ಚರ್ ಮಿಕ್ಸೇ, ಇದೇ ಪಾರ್ಕಲ್ಲಿ ಇದೇ ಜೂನ್ ತಿಂಗಳಲ್ಲಿ ಬೆಳಿಗ್ಗೆ ಏಳೂವರೆಗೆ ಯಾರೂ ಇಲ್ಲ ಅಂತ ಬಿಟ್ಟೆ, ಟ್ರೇನರ್ ಅನ್ನೋ ಸೊಕ್ಕು ಬೇರೆ. ಹುಲ್ಲುಹಾಸಿನ ಮೇಲ್ಗಡೆ ಮರಗಳ ಅಂಚಲ್ಲಿ ಮೂರು ಜಿಂಕೆ ನಿಂತಿದ್ದನ್ನ ಅವನು ನೋಡಿದ, ನಾನು ನೋಡ್ಲಿಲ್ಲ. ನಲವತ್ತು ನಿಮಿಷ. ಕೂಗಿ ಕೂಗಿ ಗಂಟಲು ಕಟ್ಟಿತ್ತು, ಕೆಳಗೆ ಬಂಡೆ ಅಂಚಿನ ಕಡೆ ನೋಡೋಕೇ ಧೈರ್ಯ ಇರ್ಲಿಲ್ಲ. ಕೊನೆಗೆ ತಾನಾಗೇ ಬಂದ, ಎದೆ ಮೇಲಿನ ಚರ್ಮ ಬೇಲಿ ತಂತಿಗೆ ಸಿಕ್ಕಿ ಅಂಗೈ ಅಗಲ ಹರಿದಿತ್ತು. ಓಟದ ನಾಯಿಗಳ ಚರ್ಮ ತೀರಾ ತೆಳು, ಬೇರೆ ನಾಯಿಗೆ ಗೀರು ಆಗೋ ಜಾಗದಲ್ಲಿ ಇವಕ್ಕೆ ಹೊಲಿಗೆ ಬೀಳುತ್ತೆ. ಜಿಂಕೆಗೆ ಏನಾಯ್ತೋ ನಂಗೆ ಗೊತ್ತಾಗ್ಲಿಲ್ಲ, ಅದೇ ಇವತ್ತಿಗೂ ಕೊರೆಯೋದು.

ಜೂನ್ ಕೆಟ್ಟದು ಅಂದ್ನಲ್ಲ, ಯಾಕೆ ಅಂತ ಹೇಳ್ತೀನಿ. ಅಲ್ಲಿರೋದು ಫ್ಯಾಲೋ ಜಿಂಕೆ, ನಮ್ಮ ಚುಕ್ಕೆ ಜಿಂಕೆ ನೆನಪಾಗೋ ಥರ ಬೇಸಿಗೇಲಿ ಮೈಮೇಲೆ ಬಿಳಿ ಚುಕ್ಕೆ ಇರುತ್ತೆ, ಗಂಡಿನ ಕೊಂಬು ಮಾತ್ರ ಅಂಗೈ ಥರ ಚಪ್ಪಟೆ. ಅವು ಮರಿ ಹಾಕೋದು ಹೆಚ್ಚಾಗಿ ಜೂನ್‌ನಲ್ಲೇ. ತಾಯಿ ಮರೀನ ಜರಿಗಿಡದ ಮಧ್ಯೆ ಮಲಗಿಸಿ ಮೇಯೋಕೆ ಹೋಗುತ್ತೆ, ಮರಿ ಅಲ್ಲಾಡದೆ ಬಿದ್ಕೊಂಡಿರುತ್ತೆ, ಓಡೋದೇ ಇಲ್ಲ, ಅದೇ ಅದರ ರಕ್ಷಣೆ. ದಾರಿ ಬಿಟ್ಟು ನುಗ್ಗಿದ ನಾಯಿ ನೇರ ಅದರ ಮೇಲೇ ಬೀಳ್ಬೋದು. ನೀವೇ ಎಲ್ಲಾದ್ರೂ ಒಂಟಿ ಮರಿ ಕಂಡ್ರೆ ಅಯ್ಯೋ ತಾಯಿ ಇಲ್ಲ ಅಂತ ಮುಟ್ಟೋಕೆ ಹೋಗ್ಬೇಡಿ, ಅಮ್ಮಂಗೂ ಮೊದ್ಲೇ ಹೇಳಿಡಿ. ತಾಯಿ ಅಲ್ಲೇ ಎಲ್ಲೋ ನೋಡ್ತಾ ಇರುತ್ತೆ.

ಅಂದಹಾಗೆ ಆ ಜಾಗ ಹುಟ್ಟಿದ್ದೇ ಜಿಂಕೆಗೋಸ್ಕರ, ಮನೆ ಬಂದಿದ್ದು ಆಮೇಲೆ. 1515ರಲ್ಲಿ ಎಂಟನೇ ಹೆನ್ರಿ ಎಜ್‌ಕಂಬ್ ಮನೆತನದವ್ರಿಗೆ ಅಲ್ಲಿ ಬೇಲಿ ಹಾಕಿ ಜಿಂಕೆ ಸಾಕೋಕೆ ಪರ್ಮಿಷನ್ ಕೊಟ್ಟ, ಬಂಗಲೆ ಕಟ್ಟೋಕೆ ಶುರು ಮಾಡಿದ್ದು 1547ರಲ್ಲಿ. 1941ರಲ್ಲಿ ಪ್ಲಿಮತ್ ಮೇಲೆ ಜರ್ಮನ್ನರು ಬಾಂಬ್ ಸುರಿಸಿದಾಗ ಬಂಗಲೆ ಸುಟ್ಟು ಬರೀ ಗೋಡೆ ಉಳೀತು, ಯುದ್ಧ ಮುಗಿದ್ಮೇಲೆ ಮತ್ತೆ ಕಟ್ಟಿದ್ರು. 1971ರಲ್ಲಿ ಕಾರ್ನ್‌ವಾಲ್ ಮತ್ತು ಪ್ಲಿಮತ್ ಎರಡೂ ಕಡೆ ಕೌನ್ಸಿಲ್ ಸೇರಿ ಕೊಂಡ್ಕೊಂಡ್ವು, ಇವತ್ತಿಗೂ ಜಂಟಿ ಆಸ್ತಿ. ಒಟ್ಟು 865 ಎಕರೆ. ಪಾರ್ಕಿಗೆ ಟಿಕೆಟ್ ಇಲ್ಲ, ಬಂಗಲೆ ಒಳಗೆ ಹೋಗ್ಬೇಕಂದ್ರೆ ಮಾತ್ರ ದುಡ್ಡು.

ಈಗ ಹೋಗೋದು ಹೇಗೆ. ಎಕ್ಸೆಟರ್‌ನಿಂದ ಪ್ಲಿಮತ್‌ಗೆ ರೈಲಲ್ಲಿ ಹೆಚ್ಚು ಕಮ್ಮಿ ಒಂದು ಗಂಟೆ, ನಾಯಿಗೆ ಟಿಕೆಟ್ ಬೇಡ, ಒಬ್ಬರಿಗೆ ಎರಡು ನಾಯಿವರೆಗೂ ಫ್ರೀ. ಕಾರಾದ್ರೂ ಅಷ್ಟೇ ಹೊತ್ತು. ಕಾರಲ್ಲಿ ಹೋದ್ರೂ ಪಾರ್ಕಿನವರೆಗೂ ಓಡಿಸ್ಕೊಂಡು ಹೋಗ್ಬೇಡಿ ಅಂತೀನಿ, ಟಾರ್ ಪಾಯಿಂಟ್ ಹತ್ರ ಕಾರು ಸಾಗಿಸೋ ಫೆರಿ ಹತ್ತಿ, ಆಮೇಲೆ ಕಿರಿದಾದ ರಸ್ತೇಲಿ ಸುತ್ತಿ ಹೋಗೋದು, ಅಪ್ಪ ಅಮ್ಮಂಗೆ ಸುಸ್ತು. ಪ್ಲಿಮತ್‌ನ ಸ್ಟೋನ್‌ಹೌಸ್ ಅನ್ನೋ ಏರಿಯಾದಲ್ಲಿ ಅಡ್ಮಿರಲ್ಸ್ ಹಾರ್ಡ್ ಅಂತ ಒಂದು ಇಳಿಜಾರು ಧಕ್ಕೆ ಇದೆ, ಅಲ್ಲಿಂದ ಕ್ರೆಮಿಲ್ ಫೆರಿ ಹೊರಡುತ್ತೆ, ಸುಮಾರು ಅರ್ಧ ಗಂಟೆಗೊಂದು, ಆ ಕಡೆ ಮುಟ್ಟೋಕೆ ಏಳೆಂಟು ನಿಮಿಷ. ಜನ, ಸೈಕಲ್, ನಾಯಿ ಎಲ್ಲಾ ಹತ್ತಿಸ್ಕೊಳ್ತಾರೆ. ಆದ್ರೆ ನೀರು ಇಳಿದಾಗ ಧಕ್ಕೆಯ ಕೆಳಭಾಗ ಪಾಚಿ ಹಿಡಿದು ಜಾರುತ್ತೆ, ಅಪ್ಪನ ಕೈ ಒಬ್ರು ಹಿಡ್ಕೊಳ್ಳಿ, ನಾಯಿ ಇನ್ನೊಬ್ರು. ಇಬ್ಬರನ್ನೂ ಒಬ್ರೇ ಹಿಡ್ಕೊಂಡ್ರೆ ಯಾರಾದ್ರೊಬ್ರು ಬೀಳ್ತೀರಿ.

ದೋಣಿ ಎಂಜಿನ್ ಸದ್ದು, ಕಾಲ ಕೆಳಗೆ ನಡುಗೋ ಹಲಗೆ, ಇದು ರೆಸ್ಕ್ಯೂ ನಾಯಿಗೆ ಹೊಸದು. ಅರ್ಧ ಗಂಟೆ ಮುಂಚೆ ಹೋಗಿ, ಒಂದು ಫೆರಿ ಬಂದು ಹೋಗೋದನ್ನ ದೂರದಿಂದ ತೋರಿಸಿ, ತಿಂಡಿ ಹಾಕಿ, ಎರಡನೇದಕ್ಕೆ ಹತ್ತಿ. ಒಳಗೆ ಹೋದ್ಮೇಲೆ ನಿಮ್ಮ ಎರಡೂ ಕಾಲ ಮಧ್ಯೆ ನಿಲ್ಲಿಸ್ಕೊಳ್ಳಿ, ಸಮಾಧಾನ ಆಗುತ್ತೆ.

ಮೈಮೇಲೆ ಏನು ಹಾಕಿರ್ಬೇಕು ಅಂತ ಹೇಳ್ತೀನಿ, ಇದು ಮುಖ್ಯ. ಲರ್ಚರ್ ತಲೆ ಕುತ್ತಿಗೆಗಿಂತ ಸಣ್ಣದು. ಮಾಮೂಲಿ ಬಕಲ್ ಬೆಲ್ಟ್ ಹಾಕಿದ್ರೆ ಹೆದರಿ ಹಿಂದಕ್ಕೆ ಎಳೆದಾಗ ಕಿವಿ ಮೇಲಿಂದ ಪುಸಕ್ ಅಂತ ಕಳಚ್ಕೊಂಡು ಬರುತ್ತೆ, ಕೈಲಿ ಖಾಲಿ ಬೆಲ್ಟು. ಅದಕ್ಕೇ ಮಾರ್ಟಿಂಗೇಲ್ ಅಂತ ಅಗಲವಾದ ಕಾಲರ್ ಬರುತ್ತೆ, ಎಳೆದಾಗ ಒಂದು ಮಟ್ಟದವರೆಗೆ ಬಿಗಿಯಾಗಿ ನಿಂತ್ಕೊಳ್ಳುತ್ತೆ. ಅದರ ಜೊತೆ ಹಾರ್ನೆಸ್, ಅಂದ್ರೆ ಮೈಗೆ ಹಾಕೋ ಪಟ್ಟಿ, ಹೊಟ್ಟೆ ಹಿಂದಕ್ಕೂ ಪಟ್ಟಿ ಇರೋದು. ಹತ್ತು ಮೀಟರಿನ ಉದ್ದ ಹಗ್ಗ ಇದ್ರೆ ಅದನ್ನ ಹಾರ್ನೆಸ್ಸಿಗೆ ಮಾತ್ರ ಹಾಕಿ, ಕುತ್ತಿಗೆಗೆ ಬೇಡವೇ ಬೇಡ, ಆ ಸ್ಪೀಡಲ್ಲಿ ಹೋಗಿ ಹಗ್ಗ ಮುಗಿದು ಜಗ್ಗಿದ್ರೆ ಕುತ್ತಿಗೆ ಏನಾಗುತ್ತೆ ಯೋಚನೆ ಮಾಡಿ. ಬಟನ್ ಒತ್ತಿದ್ರೆ ಉದ್ದ ಆಗೋ ಪ್ಲಾಸ್ಟಿಕ್ ಹಿಡಿಯ ಲೀಡ್ ಮನೇಲೇ ಬಿಟ್ಟು ಬನ್ನಿ. ಕಾಲರಿನಲ್ಲಿ ಹೆಸರು ವಿಳಾಸದ ಬಿಲ್ಲೆ ಇರ್ಬೇಕು, ಅದು ಇಲ್ಲಿ ಕಾನೂನು, ಚರ್ಮದ ಕೆಳಗೆ ಮೈಕ್ರೋಚಿಪ್ ಇದ್ರೂ ಬಿಲ್ಲೆ ಬೇಕು. ಚಿಪ್ಪಿನ ರೆಕಾರ್ಡಲ್ಲಿ ಇನ್ನೂ ರೆಸ್ಕ್ಯೂ ನಂಬರೇ ಇದೆಯಾ ನಿಮ್ಮದು ಬಂದಿದೆಯಾ ಒಂದ್ಸಲ ನೋಡ್ಕೊಳ್ಳಿ, ಬಹಳ ಜನ ಇದನ್ನ ಮರೀತಾರೆ.

ಕ್ರೆಮಿಲ್‌ನಲ್ಲಿ ಇಳಿದ್ರೆ ಎದುರಿಗೇ ಪಬ್ಬು, ಪಕ್ಕದಲ್ಲೇ ಪಾರ್ಕಿನ ಗೇಟು. ಒಳಗೆ ಹೋಗಿ ಎಡಕ್ಕೆ ಸಮುದ್ರದ ಕಡೆ ಇಟಾಲಿಯನ್, ಫ್ರೆಂಚ್, ಇಂಗ್ಲಿಷ್ ಅಂತ ಬೇರೆ ಬೇರೆ ಶೈಲಿಯ ತೋಟಗಳು, ಕಿತ್ತಳೆ ಗಿಡ ಬೆಳೆಸೋಕೆ ಕಟ್ಟಿದ್ದ ಹಳೇ ಆರೆಂಜರಿ ಕಟ್ಟಡ. ಕ್ಯಾಮೆಲಿಯಾ ಹೂವಿಗೆ ಈ ಪಾರ್ಕು ತುಂಬಾ ಫೇಮಸ್ಸು ಆದ್ರೆ ಅದು ಚಳಿಗಾಲದಿಂದ ಏಪ್ರಿಲ್‌ವರೆಗೆ, ಜೂನಲ್ಲಿ ಎಲೆ ಮಾತ್ರ. ರೋಡೊಡೆಂಡ್ರಾನ್ ಇನ್ನೂ ಸ್ವಲ್ಪ ಇರ್ಬೋದು, ಅದರ ಎಲೆ ಹೂವು ಎರಡೂ ನಾಯಿಗೆ ವಿಷ, ಕಚ್ಚೋಕೆ ಬಿಡ್ಬೇಡಿ. ಇಲ್ಲಿ ಚಿಕ್ಕ ಚೈನು. ಅಮ್ಮಂಗೆ ಇಲ್ಲೇ ಒಂದು ಗಂಟೆ ಕಳೆಯುತ್ತೆ ಅಂತ ಇಟ್ಕೊಳ್ಳಿ.

ಅಲ್ಲಿಂದ ನೀರಿನ ಪಕ್ಕದಲ್ಲೇ ದಾರಿ, ಹೆಚ್ಚು ಕಮ್ಮಿ ಸಮತಟ್ಟು. ಹೆನ್ರಿ ಕಾಲದ ಸಣ್ಣ ಕಲ್ಲಿನ ಕಾವಲು ಗೂಡು, ಆಮೇಲೆ ಫಿರಂಗಿಗಳ ಸಾಲು, ಎದುರಿಗೆ ಡ್ರೇಕ್ಸ್ ಐಲ್ಯಾಂಡ್ ಅನ್ನೋ ದ್ವೀಪ. ನೌಕಾಪಡೆಯ ಹಡಗುಗಳು ಅಷ್ಟು ಹತ್ರ ಹೋಗ್ತಾವೆ ಅಂದ್ರೆ ಡೆಕ್ ಮೇಲಿನ ಜನರ ಮುಖ ಕಾಣುತ್ತೆ, ಕಾರವಾರದಲ್ಲಿ ದೂರದಿಂದ ನೋಡಿದವರಿಗೆ ಇದು ಬೇರೇನೇ ಅನುಭವ. ಆಮೇಲೆ ಬರೋದೇ ಬಾರ್ನ್ ಪೂಲ್, ಮೂರು ಕಡೆ ಮರಗಳಿರೋ ಇಳಿಜಾರು, ಮಧ್ಯೆ ಹುಲ್ಲು, ಕೆಳಗೆ ಕಲ್ಲುಹರಳಿನ ದಡ. ನಿಮ್ಮಪ್ಪನ ವಾಕಿಂಗ್ ಇಲ್ಲಿಗೆ ಮುಗೀಬೇಕು. ಗೇಟಿಂದ ಇಲ್ಲಿಗೆ ಒಂದು ಮೈಲಿ ಒಳಗೇ, ಮಧ್ಯೆ ಮಧ್ಯೆ ಬೆಂಚು ಇದೆ, ನಿಧಾನಕ್ಕೆ ಬಂದು ಬುತ್ತಿ ಬಿಚ್ಚೋಕೆ ಸರಿಯಾದ ಜಾಗ. ಕಟಿರೊಟ್ಟಿ ಶೇಂಗಾ ಚಟ್ನಿ ತರ್ತಾರೆ ಅಂತ ನಂಬಿದೀನಿ. ಈರುಳ್ಳಿ, ದ್ರಾಕ್ಷಿ ಮಾತ್ರ ನಾಯಿಗೆ ಸಿಗ್ಬಾರ್ದು, ಅಜ್ಜ ಅಜ್ಜಿ ಕೈ ತಡೆಯಲ್ಲ ಅಂತ ಗೊತ್ತು, ಅದಕ್ಕೇ ಹೇಳಿದ್ದು.

ಈ ಹುಲ್ಲಿನ ಮೇಲೆ ಹತ್ತು ಮೀಟರ್ ಹಗ್ಗ ಹಾಕ್ಬೋದು, ಇಡೀ ದಿನದಲ್ಲಿ ಇಲ್ಲೊಂದೇ ಕಡೆ. ಹಗ್ಗದ ತುದಿ ಕೈಗೆ ಸುತ್ಕೋಬೇಡಿ, ಬೆರಳು ಹೋಗುತ್ತೆ. ಗ್ಲೌಸ್ ಹಾಕಿ, ಹಗ್ಗ ಅಂಗೈಲಿ ಹಿಡಿದು, ಮೇಲ್ಗಡೆ ಮರದ ಅಂಚಿನ ಕಡೆ ನಿಮ್ಮ ಕಣ್ಣಿರ್ಲಿ, ನಾಯಿಗಿಂತ ಮೊದ್ಲು ಜಿಂಕೆ ನಿಮಗೆ ಕಾಣ್ಬೇಕು. ನೀರಿಗೆ ಕಾಲು ಮುಳುಗೋವಷ್ಟು ಇಳಿಸಿ ಸಾಕು, ಈಜೋಕೆ ಬೇಡ. ಆ ದಡ ಎರಡು ಹೆಜ್ಜೆಗೇ ಆಳ, ಟೇಮರ್ ನದಿಯ ನೀರೆಲ್ಲಾ ಆ ಇಕ್ಕಟ್ಟಲ್ಲೇ ಸಮುದ್ರಕ್ಕೆ ಹೋಗೋದು, ಉಬ್ಬರ ಇಳಿತದ ಸೆಳೆತ ಮೇಲಿಂದ ನೋಡಿದ್ರೆ ಗೊತ್ತೇ ಆಗಲ್ಲ. ಕೊಬ್ಬೇ ಇಲ್ಲದ ಈ ಮೈಗೆ ಚಳಿನೂ ಬೇಗ ಹತ್ತುತ್ತೆ. ಉಪ್ಪುನೀರು ಕುಡಿದ್ರೆ ವಾಂತಿ ಭೇದಿ ಶುರು, ಕುಡಿಯೋ ನೀರು ಬಟ್ಟಲು ನೀವೇ ತಗೊಂಡು ಹೋಗಿ.

ಆಳ ಇರೋದ್ರಿಂದಲೇ ಇಲ್ಲಿ ಹಡಗು ನಿಲ್ತಿದ್ದಿದ್ದು. ಡಾರ್ವಿನ್ ಇದ್ದ ಬೀಗಲ್ ಹಡಗು ಗಾಳಿ ಸರಿ ಆಗೋಕೆ ಕಾಯ್ತಾ ನಿಂತಿದ್ದು ಇದೇ ಬಾರ್ನ್ ಪೂಲ್‌ನಲ್ಲಿ, 1831ರ ಡಿಸೆಂಬರ್ 27ಕ್ಕೆ ಕೊನೆಗೂ ಹೊರಟಿತು. ನಾಯಿ ವಿಷಯ ಆದ್ರಿಂದ ಒಂದು ಹೇಳ್ಲೇಬೇಕು. ಡಾರ್ವಿನ್ ಮನೇಲಿ ಒಂದು ನಾಯಿ ಇತ್ತಂತೆ, ಅಪರಿಚಿತರು ಯಾರನ್ನೂ ಹತ್ರ ಸೇರಿಸದ ಮುಂಗೋಪಿ. ಐದು ವರ್ಷ ಎರಡು ದಿನ ಆದ್ಮೇಲೆ ವಾಪಸ್ ಬಂದು, ಲಾಯದ ಹತ್ರ ನಿಂತು ಹಳೇ ಥರಾನೇ ಕೂಗಿದ, ನೆನಪಿದೆಯಾ ನೋಡೋಣ ಅಂತ. ಅದು ಕುಣೀಲಿಲ್ಲ ನೆಗೀಲಿಲ್ಲ, ಅರ್ಧ ಗಂಟೆ ಹಿಂದೆ ಬಿಟ್ಟು ಹೋದವನು ಬಂದ ಹಾಗೆ ಸುಮ್ನೆ ಹಿಂದೆ ವಾಕಿಂಗ್ ಹೊರಟಿತು ಅಂತ ಅವನೇ ಬರೆದಿದಾನೆ. ಐದು ವರ್ಷ ಆದ್ಮೇಲೂ ಕರೆದ್ರೆ ಬರೋ ನಾಯಿ! ನಿಮ್ಮದಕ್ಕೆ ಎಂಟು ತಿಂಗಳು, ಅವಸರ ಮಾಡ್ಬೇಡಿ.

ಅಪ್ಪ ಅಮ್ಮ ಅಲ್ಲೇ ಕೂತಿರ್ತಾರೆ ಅಂದ್ರೆ ನೀವಿಬ್ರು ನಾಯಿ ಜೊತೆ ಮುಂದೆ ಹೋಗ್ಬೋದು. ಹುಲ್ಲಿನ ಆ ತುದೀಲಿ ಮಿಲ್ಟನ್ ಕವಿಯ ಹೆಸರಿನ ಒಂದು ದುಂಡನೆ ಮಂಟಪ ಇದೆ, ಮೇಲೆ ಗುಡ್ಡದ ಮೇಲೆ ಪಾಳುಬಿದ್ದ ಕೋಟೆ ಥರ ಕಾಣೋ ಫಾಲಿ. ಅದು ನಿಜವಾದ ಪಾಳು ಅಲ್ಲ, 1747ರಲ್ಲಿ ಹಳೇ ಚರ್ಚುಗಳ ಕಲ್ಲು ತಂದು ಬೇಕಂತಲೇ ಮುರುಕಲಾಗಿ ಕಟ್ಟಿದ್ದು, ನೋಟ ಚೆನ್ನಾಗಿರ್ಲಿ ಅಂತ. ಹಂಪಿ, ಬಾದಾಮಿ ನೋಡಿ ಬೆಳೆದವರಿಗೆ ಇದು ನಗು ತರಿಸುತ್ತೆ, ದುಡ್ಡು ಕೊಟ್ಟು ಪಾಳು ಕಟ್ಟಿಸ್ತಾರಾ ಯಾರಾದ್ರೂ! ಆದ್ರೂ ಮೇಲೆ ಹತ್ತಿ ನಿಂತ್ರೆ ಇಡೀ ಪ್ಲಿಮತ್ ಬಂದರು ಕಾಲ ಕೆಳಗೆ. ಏರು ಮಾತ್ರ ಕಡಿದು, ಅಪ್ಪನ ಮೊಣಕಾಲಿಗೆ ಆಗಲ್ಲ.

ಇಲ್ಲಿಂದ ಕಾಡಿನ ಒಳಗೆ ಕರಾವಳಿ ದಾರಿ ಶುರು, ಇಡೀ ಸೌತ್ ವೆಸ್ಟ್ ಕೋಸ್ಟ್ ಪಾತ್ 630 ಮೈಲಿ, ಅದರ ಒಂದು ತುಂಡು ಈ ಎಸ್ಟೇಟ್ ಒಳಗೇ ಹೋಗುತ್ತೆ. ಜಿಂಕೆ ದಾಟದ ಹಾಗೆ ಎತ್ತರದ ಗೇಟುಗಳಿವೆ, ತೆಗೆದ ಗೇಟು ಹಾಕ್ಲೇಬೇಕು. ಗೇಟಿನ ಒಳಗೆ ಜಿಂಕೆ ಹೊರಗೆ ಇಲ್ಲ ಅಂತ ಮಾತ್ರ ಅಂದ್ಕೋಬೇಡಿ, ಅವಕ್ಕೆ ಬೋರ್ಡ್ ಓದೋಕೆ ಬರಲ್ಲ. ಎಡಗಡೆ ಕೆಲವು ಕಡೆ ಪೊದೆ ಹಿಂದೆ ನೇರ ಬಂಡೆ, ಕೆಳಗೆ ಸಮುದ್ರ. ಇಲ್ಲಿ ಒಂದೂವರೆ ಮೀಟರ್ ಚೈನಿಗಿಂತ ಉದ್ದ ಬೇಡ, ನಾಯಿ ಗುಡ್ಡದ ಕಡೆ ನೀವು ಸಮುದ್ರದ ಕಡೆ. ಯಾರ ನಾಯಿನಾದ್ರೂ ಸರಿ ಕೆಳಗೆ ಬಿದ್ರೆ ಇಳಿಯೋಕೆ ಹೋಗ್ಬೇಡಿ, 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಬೇಕು ಅನ್ನಿ. ನಾಯಿಗೋಸ್ಕರ ಕರೀಬೋದಾ ಅಂತ ಸಂಕೋಚ ಬೇಡ, ನಾಯಿ ಹಿಂದೆ ಮಾಲೀಕ ಇಳಿದು ಇಬ್ರೂ ಸಿಕ್ಕಿಹಾಕ್ಕೊಳ್ಳೋದಕ್ಕಿಂತ ಇದು ವಾಸಿ ಅಂತ ಅವರೇ ಹೇಳ್ತಾರೆ.

ಈ ದಾರಿ ಹಿಡಿದ್ರೆ ಕ್ರೆಮಿಲ್‌ನಿಂದ ಮೂರು ಮೂರೂವರೆ ಮೈಲಿಗೆ ಕಿಂಗ್‌ಸ್ಯಾಂಡ್ ಅನ್ನೋ ಮೀನುಗಾರರ ಹಳ್ಳಿ. ಪಕ್ಕದ ಕಾಸ್ಯಾಂಡ್ ಜೊತೆ ಈಗ ಅಂಟ್ಕೊಂಡೇ ಇದೆ, ಆದ್ರೆ 1844ರವರೆಗೂ ಕಿಂಗ್‌ಸ್ಯಾಂಡ್ ಪಕ್ಕದ ಜಿಲ್ಲೆ ಡೆವನ್ನಿಗೆ, ಕಾಸ್ಯಾಂಡ್ ಕಾರ್ನ್‌ವಾಲಿಗೆ, ಗಡಿ ಎಲ್ಲಿತ್ತು ಅಂತ ಒಂದು ಮನೆ ಗೋಡೆ ಮೇಲೆ ಇವತ್ತಿಗೂ ಗುರುತಿದೆ. ಬೆಳಗಾವಿ ಗಡಿ ಸುದ್ದಿ ಓದಿ ಓದಿ ಸಾಕಾಗಿರೋ ನಿಮ್ಮಪ್ಪಂಗೆ ಆ ಗೋಡೆ ಫೋಟೋ ತೋರಿಸಿ. ಬೀಚಲ್ಲಿ ಬೇಸಿಗೆ ನಿಯಮ ಏನಿದೆ ಅಂತ ಮೆಟ್ಟಿಲ ಹತ್ರದ ಬೋರ್ಡ್ ನೋಡ್ಕೊಂಡೇ ನಾಯಿ ಇಳಿಸಿ.

ಕಾಡು ಮುಗಿದು ಕಿಂಗ್‌ಸ್ಯಾಂಡ್ ಕಡೆ ಹೊಲ ಬರುತ್ತೆ, ಕುರಿ ದನ ಇರ್ಬೋದು. ಇದು ಸುಮ್ನೆ ಮರ್ಯಾದೆ ವಿಷಯ ಅಲ್ಲ. 1953ರ ಕಾಯ್ದೆ ಪ್ರಕಾರ ನಿಮ್ಮ ನಾಯಿ ಕುರಿ ಅಟ್ಟಿಸ್ಕೊಂಡು ಹೋದ್ರೆ ಅಪರಾಧ, ಕಚ್ಚದೇ ಇದ್ರೂ. ಕುರಿ ಉಳಿಸೋಕೆ ಬೇರೆ ದಾರಿ ಇಲ್ಲ ಅಂದಾಗ ರೈತ ನಾಯಿಗೆ ಗುಂಡು ಹೊಡೆದ್ರೂ 1971ರ ಇನ್ನೊಂದು ಕಾಯ್ದೆ ಅವನ ಪರ ನಿಲ್ಲುತ್ತೆ. ಹಳ್ಳಿ ಕಡೆ ಇಲ್ಲಿ ಇದನ್ನ ಯಾರೂ ತಮಾಷೆಗೆ ಹೇಳಲ್ಲ. ದನದ ವಿಷಯ ಉಲ್ಟಾ. ಕರು ಇರೋ ಹಸು ನಾಯೀನ ನೋಡಿ ನಿಮ್ಮ ಮೇಲೆ ಬಂತು ಅಂದ್ರೆ ಆಗ ಚೈನ್ ಬಿಟ್ಬಿಡಿ. ಹಸು ಸಿಟ್ಟು ನಾಯಿ ಮೇಲೆ, ನಾಯಿ ಅದಕ್ಕಿಂತ ಜೋರಾಗಿ ಓಡುತ್ತೆ, ನೀವು ಓಡಲ್ಲ. ಇಡೀ ಉತ್ತರದಲ್ಲಿ ಬಿಡಿ ಅಂತ ಹೇಳ್ತಿರೋದು ಇದೊಂದೇ ಸಂದರ್ಭಕ್ಕೆ.

ಹಾವು ಇದೆಯಾ ಅಂತ ಅಮ್ಮ ಖಂಡಿತ ಕೇಳ್ತಾರೆ. ಈ ದೇಶಕ್ಕೆಲ್ಲಾ ಸೇರಿ ವಿಷದ ಕಾಡುಹಾವು ಒಂದೇ ಜಾತಿ, ಆಡರ್ ಅಂತ, ಬೆನ್ನ ಮೇಲೆ ಅಂಕುಡೊಂಕು ಪಟ್ಟೆ. ಬಿಸಿಲಿಗೆ ದಾರಿ ಅಂಚಲ್ಲಿ ಮಲಗಿರುತ್ತೆ, ಮೂಸೋಕೆ ಹೋದ ನಾಯಿಗೆ ಮೂತಿಗೋ ಮುಂಗಾಲಿಗೋ ಕಚ್ಚುತ್ತೆ, ಆ ಜಾಗ ಸರ್ರನೆ ಊದುತ್ತೆ. ಕಟ್ಟು ಕಟ್ಟೋದು, ಕುಯ್ಯೋದು ಏನೂ ಮಾಡ್ಬೇಡಿ, ನಡೆಸದೆ ಎತ್ಕೊಂಡು ವೆಟ್ (ಪ್ರಾಣಿ ಡಾಕ್ಟರ್) ಹತ್ರ ಹೋಗಿ, ಹೊರಡೋ ಮುಂಚೆ ಫೋನ್ ಮಾಡಿ. ಪ್ಲಿಮತ್ ಕಡೆಯ ಒಂದು ವೆಟ್ ನಂಬರ್ ಮನೆ ಬಿಡೋ ಮುಂಚೆನೇ ಫೋನಲ್ಲಿ ಇರ್ಲಿ. ಇದು ಅಪರೂಪ, ನಮ್ಮ ಮಂಡಲದ ಹಾವು ನೆನೆಸ್ಕೊಂಡು ಹೆದರೋದು ಬೇಡ.

ಅಪರೂಪ ಅಲ್ಲದ್ದು ಉಣುಗು. ಜರಿಗಿಡ, ಜಿಂಕೆ, ಬೇಸಿಗೆ ಮೂರೂ ಸೇರಿದ ಕಡೆ ಉಣುಗು ಇದ್ದೇ ಇರುತ್ತೆ. ನಮ್ಮ ಮಲೆನಾಡಲ್ಲಿ ಉಣುಗು ಅಂದ್ರೆ ಕ್ಯಾಸನೂರು ಕಾಡಿಂದ 1957ರಲ್ಲಿ ಬಂದ ಮಂಗನ ಕಾಯಿಲೆ ನೆನಪಾಗುತ್ತೆ, ಇಲ್ಲಿ ಅದೇ ಜಾಗದಲ್ಲಿ ಲೈಮ್ ಕಾಯಿಲೆ, ನಾಯಿಗೂ ಬರುತ್ತೆ ಮನುಷ್ಯರಿಗೂ ಬರುತ್ತೆ. ಕಚ್ಚಿದ ಕೂಡ್ಲೇ ಬರೋದಲ್ಲ, ಸಾಮಾನ್ಯವಾಗಿ ಒಂದು ದಿನದ ಮೇಲೆ ರಕ್ತ ಹೀರ್ತಾ ಕೂತಿದ್ರೆ ಅಪಾಯ ಜಾಸ್ತಿ, ಹಾಗಾಗಿ ಅವತ್ತೇ ಹುಡುಕಿ ತೆಗೆದ್ರೆ ಬಹುಪಾಲು ಕೆಲಸ ಆಯ್ತು. ಸೀಮೆಎಣ್ಣೆ, ಬೆಂಕಿಕಡ್ಡಿ, ಕೊಬ್ಬರಿಎಣ್ಣೆ ಅಂತ ಊರಲ್ಲಿ ಮಾಡೋದೆಲ್ಲಾ ಬೇಡ, ಅದಕ್ಕೆ ಹಿಂಸೆ ಆಗಿ ಹೊಟ್ಟೇಲಿರೋದನ್ನ ಒಳಗೇ ಕಕ್ಕುತ್ತೆ. ಎರಡು ಹಲ್ಲಿನ ಸಣ್ಣ ಪ್ಲಾಸ್ಟಿಕ್ ಕೊಕ್ಕೆ ಸಿಗುತ್ತೆ, ಚರ್ಮಕ್ಕೆ ಒತ್ತಿ ಉಣುಗಿನ ಕೆಳಗೆ ತೂರಿಸಿ, ಎಳೀದೆ ತಿರುಗಿಸಿದ್ರೆ ತಲೆ ಸಮೇತ ಬರುತ್ತೆ. ಅಪ್ಪ ಅಮ್ಮಂಗೆ ಪ್ಯಾಂಟು ಸಾಕ್ಸ್ ಒಳಗೆ ಸಿಕ್ಕಿಸ್ಕೊಳ್ಳೋಕೆ ಹೇಳಿ. ಸೀರೆ ಉಟ್ಟಿದ್ರೆ ಹುಲ್ಲುಹಾಸಲ್ಲೇ ಇರ್ಲಿ, ಪೊದೆ ಕಡೆ ಬೇಡ. ಮುಂದಿನ ಕೆಲವು ವಾರಗಳಲ್ಲಿ, ಮೂರು ತಿಂಗಳವರೆಗೂ, ಯಾರಿಗಾದ್ರೂ ಮೈಮೇಲೆ ಉಂಗುರದ ಥರ ಕೆಂಪು ಹರಡಿದ್ರೆ ಡಾಕ್ಟರ್‌ಗೆ ತೋರಿಸಿ, ಅಪ್ಪ ಅಮ್ಮ ಅಷ್ಟರಲ್ಲಿ ಊರಿಗೆ ವಾಪಸ್ ಹೋಗಿದ್ರೆ ಅಲ್ಲಿನ ಡಾಕ್ಟರ್‌ಗೆ ಇಂಗ್ಲೆಂಡಲ್ಲಿ ಕಾಡಲ್ಲಿ ಓಡಾಡಿದ್ದು ಹೇಳ್ಬೇಕು, ಇಲ್ಲಾಂದ್ರೆ ಅವರಿಗೆ ಹೊಳೆಯೋದೇ ಇಲ್ಲ.

ನಿಮ್ಮಪ್ಪ ಒಂದು ಮಾತು ಅಂದೇ ಅಂತಾರೆ, ಓಡೋ ನಾಯೀನ ಹಿಂಗ ಕಟಗೊಂಡು ತಿರುಗಾಕ ಇಲ್ಲೀತನಕಾ ಬರಬೇಕಿತ್ತೇನು ಅಂತ. ಅವರ ಮಾತೂ ಸರಿನೇ, ಆ ಮೈ ಮಾಡಿರೋದೇ ಓಡೋಕೆ. ಅದಕ್ಕೆ ಬೇರೆ ದಾರಿ ಇದೆ, ಎತ್ತರದ ಬೇಲಿ ಹಾಕಿರೋ ಹೊಲಗಳನ್ನ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡ್ತಾರೆ, ಎಕ್ಸೆಟರ್ ಸುತ್ತಮುತ್ತಲೂ ಸಿಗುತ್ತೆ. ಮೌಂಟ್ ಎಜ್‌ಕಂಬ್‌ಗೆ ಹೋಗೋ ಹಿಂದಿನ ದಿನ ಅಲ್ಲಿ ಅರ್ಧ ಗಂಟೆ ಬಿಡಿ, ಅಪ್ಪನ್ನೂ ಕರ್ಕೊಂಡು ಹೋಗಿ, ಅವರಿಗೆ ನೋಡ್ಬೇಕಾಗಿರೋದು ಆ ಓಟ, ಅದನ್ನ ಬೇಲಿ ಒಳಗೇ ನೋಡ್ಲಿ. ಮಾರನೇ ದಿನ ಪಾರ್ಕಲ್ಲಿ ಅದು ಶಾಂತವಾಗಿರುತ್ತೆ. ಪಾರ್ಕಲ್ಲಿ ಮೂಸೋಕೆ ಬಿಡಿ, ಒಂದು ಮರದ ಬುಡಕ್ಕೆ ಐದು ನಿಮಿಷ ಬೇಕಂದ್ರೆ ಐದು ನಿಮಿಷ ನಿಲ್ಲಿ. ಮೊಣಕಾಲು ನೋವಿನವರ ಜೊತೆ ನಡೆಯೋಕೆ ಮೂಸೋ ನಾಯಿಗಿಂತ ಒಳ್ಳೆ ಜೊತೆ ಇಲ್ಲ, ಇಬ್ಬರ ಸ್ಪೀಡೂ ಒಂದೇ.

ಕೊನೆ ಫೆರಿ ಎಷ್ಟಕ್ಕೆ ಅಂತ ಬೆಳಿಗ್ಗೆ ಇಳಿಯೋವಾಗ್ಲೇ ಕೇಳಿಟ್ಕೊಳ್ಳಿ. ವಾಪಸ್ ಬರೋವಾಗ ಕ್ರೆಮಿಲ್ ಧಕ್ಕೇಲಿ ದೋಣಿ ಕಾಯೋ ಹತ್ತು ಹದಿನೈದು ನಿಮಿಷ ಇರುತ್ತಲ್ಲ, ಅಲ್ಲೇ ನಾಯಿ ಕಿವಿ ಒಳಗೆ, ಕಂಕುಳಲ್ಲಿ, ಬೆರಳು ಸಂದೀಲಿ, ಕಾಲರಿನ ಕೆಳಗೆ ಕೈಯಾಡಿಸಿ ಉಣುಗು ನೋಡ್ಬಿಡಿ. ಅಮ್ಮನ ಕೈಗೆ ಕೊಡಿ ಆ ಕೆಲಸ, ಅಕ್ಕಿ ಆರಿಸಿದ ಬೆರಳಿಗೆ ಸಿಗದೇ ಇರೋ ಉಣುಗೇ ಇಲ್ಲ.